ನರಿ ಬಿಡದಿದ್ದ ದ್ವೀಪ

ಡಾಟ್ ಕಾಮ್ ಭರಾಟೆಯ ಕಾಲ. ನಾವು ಅಮೆರಿಕದ ಮಿಲ್ಪಿಟಾಸ್‌ನ ಅಪಾರ್ಟ್‌ಮೆಂಟೊಂದರ ಮಹಡಿಯಲ್ಲಿದ್ದೆವು. ಗಂಡ ಭಾನುವಾರವೂ ಪಾಲೋ ಆಲ್ಟೋದ ಆಫೀಸಿನಲ್ಲಿರುತ್ತಿದ್ದರು. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಹಾಗಾಗಿ ಕೆಳಗಿನ ಮನೆಯ ಅಮೆರಿಕನ್ ತಾತ ಹಕ್ಕಿ ನೋಡಲು ಕರೆದಾಗ, ಆರು ವರ್ಷದ ಮಗಳನ್ನು ಕರೆದುಕೊಂಡು ಹೊರಟುಬಿಟ್ಟೆ.

ಗಾಳಿಯಂತ್ರಗಳ ಗುಡ್ಡ ದಾಟಿ ಬಹಳ ದೂರ ಹೋದ ಮೇಲೆ, ಕಟಾವಾದ ಮೆಕ್ಕೆಜೋಳದ ಹೊಲದ ಬಳಿ ತಾತ ಕಾರು ನಿಲ್ಲಿಸಿದರು. ಹೊಲದ ತುಂಬ ಹೆಬ್ಬಾತುಗಳು. ನಮ್ಮ ಪಾರ್ಕಿನಲ್ಲಿ ಬ್ರೆಡ್ಡಿಗೆ ಮೈಮೇಲೆ ಬರುವಂಥವೇ ಅನ್ನಿಸಿತು. ಅಲ್ಲ, ಇವು ಚಿಕ್ಕವು, ಕತ್ತಿನ ಬುಡದಲ್ಲಿ ಬಿಳಿ ಪಟ್ಟಿ ಇದೆ ನೋಡಿ ಎಂದರು ತಾತ. ನಾನೆಷ್ಟು ನೋಡಿದರೂ ಎರಡೂ ಒಂದೇ.

ಇವು ಮರಿ ಮಾಡುವುದು ಅಲಾಸ್ಕದ ದ್ವೀಪಗಳಲ್ಲಿ ಮಾತ್ರವಂತೆ. ತುಪ್ಪಳದ ವ್ಯಾಪಾರಕ್ಕೆಂದು ಹಿಂದಿನವರು ಅಲ್ಲಿ ನರಿ ಬಿಟ್ಟರು. ನರಿಗಳು ಮೊಟ್ಟೆ, ಮರಿ ಎಲ್ಲ ತಿಂದವು. ಈ ಜಾತಿಯೇ ಹೋಯಿತು ಅಂದುಕೊಂಡಿದ್ದಾಗ, ನರಿ ಬಿಡದಿದ್ದ ಒಂದೇ ಒಂದು ದ್ವೀಪದಲ್ಲಿ ಕೆಲವು ಉಳಿದಿದ್ದುವು.

ಆಮೇಲೆ ನರಿಗಳು ಏನಾದವು ಎಂದು ಕೇಳಿದೆ.

ತಾತ ದುರ್ಬೀನು ಕೆಳಗಿಳಿಸಿದರು. "ಕೊಂದೆವು. ಹಕ್ಕಿಗಳನ್ನು ಮತ್ತೆ ಆ ದ್ವೀಪಗಳಲ್ಲಿ ಬಿಡಬೇಕಿತ್ತಲ್ಲ. ಎರಡು ಬೇಸಿಗೆ ನಾನೂ ಹೋಗಿದ್ದೆ. ಅವುಗಳದೇನೂ ತಪ್ಪಿರಲಿಲ್ಲ."

ಇರುವೆ ಸಾಲು ಕಂಡರೆ ದಾಟಿಕೊಂಡು ಹೋಗು ಎನ್ನುವ ಮನೆಯಲ್ಲಿ ಬೆಳೆದವಳು ನಾನು. ಎದುರಿಗೆ ಸಾವಿರಾರು ಹಕ್ಕಿ ಮೇಯುತ್ತಿವೆ, ಪಕ್ಕದಲ್ಲಿ ನರಿ ಕೊಂದ ಮನುಷ್ಯ. ಅವರನ್ನು ಮೆಚ್ಚಬೇಕೋ ಬೇಡವೋ ತಿಳಿಯದೆ ಪುಳಿಯೋಗರೆ ಡಬ್ಬಿ ಮುಂದಿಟ್ಟೆ. ತಾತ ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತ ಪೂರ್ತಿ ತಿಂದರು.

ಅಷ್ಟರಲ್ಲಿ ಹೊಲದ ಯಜಮಾನ ಪಿಕಪ್ ಗಾಡಿಯಲ್ಲಿ ಬಂದ. ಹಕ್ಕಿ ವಿಪರೀತ ಹೆಚ್ಚಿವೆ, ದನದ ಮೇವೆಲ್ಲ ಇವುಗಳ ಪಾಲಾಗುತ್ತಿದೆ ಎಂದು ಗೊಣಗಿದ. ತಾತ ಅವನ ಕ್ಷಮೆ ಕೇಳಿದರು. ನನ್ನ ತಲೆ ಇನ್ನಷ್ಟು ಕೆಟ್ಟಿತು.

ವಾಪಸು ಬರುವಾಗ ಹಿಂದಿನ ಸೀಟಿನಿಂದ ಮಗಳು ಕೇಳಿದಳು: "ಅಮ್ಮಾ, ಆರ್ ವೀ ಹ್ಯಾಪಿ ಆರ್ ಸ್ಯಾಡ್?"

"ನಂಗೂ ಗೊತ್ತಾಗ್ತಿಲ್ಲ ಪುಟ್ಟಾ" ಎಂದೆ.

ಕೆಲವು ತಿಂಗಳ ನಂತರ ತಾತ ಮೆಟ್ಟಿಲ ಬಳಿ ಸಿಕ್ಕು, ಆ ಹೆಬ್ಬಾತನ್ನು ಅಳಿವಿನಂಚಿನ ಹಕ್ಕಿಗಳ ಪಟ್ಟಿಯಿಂದ ತೆಗೆದರು ಎಂದರು. ಅಯ್ಯೋ, ಎಲ್ಲ ಸತ್ತುಹೋದವೇ ಎಂದು ಗಾಬರಿಯಾದೆ. ಇಲ್ಲ, ಇನ್ನು ಭಯವಿಲ್ಲ ಅಂತ ತೆಗೆದದ್ದು ಎಂದು ಬಿಡಿಸಿ ಹೇಳಿದರು. ಅವರ ಮುಖದಲ್ಲಿ ನಗು ಮಾತ್ರ ಇರಲಿಲ್ಲ. ಸಂಜೆ ಕೇಸರಿಬಾತು ಮಾಡಿ ಕೊಂಡುಹೋದೆ. ಏನು ವಿಶೇಷ ಎಂದು ಕೇಳಿದರು. ಸುಮ್ಮನೆ ಮಾಡಿದೆ ಎಂದುಬಿಟ್ಟೆ.