ಗಟ್ಟಿಯಾಗದ ಅನಾನಸ್

ಜಲಜಾ ಎದೆ ತಟ್ಟಿ ಹೇಳಿಕೊಳ್ಳಬಹುದಾದದ್ದು ಒಂದೇ ಇತ್ತು, ತಾನು ಮಾಡುವ ಚೀನಾ ಗ್ರಾಸ್ ಪುಡ್ಡಿಂಗ್. ದಾವಣಗೆರೆಯವಳು. ಗಂಡ ಓಂಕಾರಪ್ಪನಿಗೆ ಬ್ಯಾಂಕ್ ಕೆಲಸ, ವರ್ಗವಾದಲ್ಲಿಗೆ ಪಾತ್ರೆಪಡಗ ಕಟ್ಟಿಕೊಂಡು ಹೋದದ್ದೇ ಇವಳ ಸಂಸಾರ. ವಿಶಾಖಪಟ್ಟಣದಲ್ಲಿದ್ದಾಗ ಪಕ್ಕದ ಮನೆಯ ಭ್ರಮರಾಂಬ ಈ ವಿದ್ಯೆ ಕಲಿಸಿದ್ದಳು: ಕಡಲಪಾಚಿಯಿಂದ ತೆಗೆದ ಬಿಳಿ ಎಳೆಗಳನ್ನು ನೆನೆಸಿ, ಪೂರ್ತಿ ಕರಗುವ ತನಕ ಕುದಿಸಿ, ಬಿಸಿ ಹಾಲಿಗೆ ಬೆರೆಸಬೇಕು. ಫ್ರಿಜ್ಜಿನ ಹಂಗಿಲ್ಲದೆ ಅಡುಗೆಕಟ್ಟೆಯ ಮೇಲೇ ಗಟ್ಟಿಯಾಗುತ್ತದೆ.

ಹೋದ ವರ್ಷ ವಿಜಯವಾಡಕ್ಕೆ ವರ್ಗವಾಯಿತು. ಮೇಲಿನ ಫ್ಲ್ಯಾಟಿನಲ್ಲಿ ಅದೇ ಬ್ಯಾಂಕಿನ ಭರತೇಶ ಒಬ್ಬನೇ ಇದ್ದ, ಬೆಳಗಾವಿ ಕಡೆಯ ಜೈನರ ಹುಡುಗ. ಈರುಳ್ಳಿ ಇಲ್ಲ, ಆಲೂಗಡ್ಡೆ ಇಲ್ಲ, ಹೊತ್ತು ಮುಳುಗಿದ ಮೇಲೆ ಊಟವೇ ಇಲ್ಲ. ಬೇಕರಿ ಪುಡ್ಡಿಂಗಿನಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ಬರುವ ಜೆಲಟಿನ್ ಇರಬಹುದೆಂದು ಅದರ ತಂಟೆಗೇ ಹೋದವನಲ್ಲ. "ನನ್ನ ಕೈಯಿಂದ ಅಂಥದ್ದು ಬರಲ್ಲ, ತಿನ್ನಿ" ಎಂದು ಜಲಜಾ ಮಾತು ಕೊಟ್ಟಳು. ಅಂದಿನಿಂದ ಈ ಊರಿನಲ್ಲಿ ಅವನು ಕಣ್ಣು ಮುಚ್ಚಿಕೊಂಡು ತಿನ್ನುವ ಮನೆ ಇದೊಂದೇ ಆಯಿತು. ಪ್ರತಿ ಭಾನುವಾರ ಒಂದು ಬಟ್ಟಲು ಮೇಲೆ ಹೋಗುತ್ತಿತ್ತು.

ಡಿಸೆಂಬರಿನಲ್ಲಿ ಎಳೆ ಸಿಗಲಿಲ್ಲ. ಬೆಂಜ್ ಸರ್ಕಲ್ ಹತ್ತಿರ ಜಗನ್ಮೋಹನನ ಅಂಗಡಿಯಲ್ಲಿ ಚೀನಾ ಗ್ರಾಸ್ ಪುಡಿಯೆಂದು ಬಿಡಿಯಾಗಿ ತೂಗಿ ಕೊಟ್ಟದ್ದನ್ನು ತಂದಳು. ಕಟ್ಟೆಯ ಮೇಲೆ ಗಟ್ಟಿಯಾಗದ್ದಕ್ಕೆ, ಪುಡಿಯ ಗುಣವೇ ಇಷ್ಟಿರಬೇಕೆಂದು ಫ್ರಿಜ್ಜಿಗಿಟ್ಟಳು. ಬೆಣ್ಣೆಯಂತೆ ಬಂತು. ಭರತೇಶ ಎರಡು ಬಟ್ಟಲು ತಿಂದ.

ಮುಂದಿನ ಭಾನುವಾರ ಅದೇ ಪುಡಿಗೆ ಹಸಿ ಅನಾನಸ್ ರಸ ಬೆರೆಸಿದಳು. ಬೆಳಗಿನಿಂದ ಮಧ್ಯಾಹ್ನದ ತನಕ ಫ್ರಿಜ್ಜಿನಲ್ಲಿಟ್ಟರೂ ಅದು ನೀರು ನೀರೇ. ಇಷ್ಟು ವರ್ಷದಲ್ಲಿ ಒಮ್ಮೆಯೂ ಹೀಗೆ ಕೈಕೊಟ್ಟದ್ದಿಲ್ಲ. ಪೊಟ್ಟಣ ಹಿಡಿದು ಅಂಗಡಿಗೆ ನಡೆದಳು. ಜಗನ್ಮೋಹನ ಪುಡಿಯನ್ನು ಬೆರಳಲ್ಲಿ ಉಜ್ಜಿ, ಮೂಸಿ, ತೆಲುಗಿನಲ್ಲಿ ಮೆಲ್ಲಗೆ ಹೇಳಿದ: ಡಬ್ಬಿ ಅದಲುಬದಲಾಗಿದೆಯಮ್ಮಾ, ಇದು ಜೆಲಟಿನ್, ಹಸಿ ಅನಾನಸ್ ಬಿದ್ದರೆ ಇದು ಕಟ್ಟುವುದಿಲ್ಲ, ಚೀನಾ ಗ್ರಾಸ್ ಆದರೆ ಕಟ್ಟುತ್ತದೆ. ತಪ್ಪಾಯಿತೆಂದು, ಆಗತಾನೇ ಬಂದಿದ್ದ ಎಳೆಯ ಕಟ್ಟೊಂದನ್ನು ಕೈಗಿಟ್ಟ.

"ತಿಂದು ವಾರ ಆಯ್ತು ಕಣೇ" ಎಂದ, ಮನೆಯಲ್ಲಿ ಎಲ್ಲ ಕೇಳಿಸಿಕೊಂಡ ಓಂಕಾರಪ್ಪ. "ಈಗ ಹೇಳಿ ಆ ಹುಡುಗನ ಹೊಟ್ಟೆ ಯಾಕೆ ಉರಿಸ್ತೀಯ? ಸುಮ್ನಿರು."

ಆಹಾ, ಎಷ್ಟು ಸಲೀಸು! ಹೇಳಿದರೆ ಭರತೇಶ ಇನ್ನು ಈ ಮನೆಯ ನೀರನ್ನೂ ಮುಟ್ಟಲಿಕ್ಕಿಲ್ಲ. ಹೇಳದಿದ್ದರೆ ಅವನಿಗೆ ಬಟ್ಟಲು ಕೊಡುವ ಮುಖ ಇವಳಿಗಿರುವುದಿಲ್ಲ. ಜಲಜಾ ಮೆಟ್ಟಿಲು ಹತ್ತಿದಳು, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಬಾಗಿಲಲ್ಲೇ ನಿಂತಳು.

ಭರತೇಶ ತಲೆ ತಗ್ಗಿಸಿ, "ನಾಳೆ ಉಪವಾಸ ಮಾಡ್ತೀನ್ರಿ, ವೈನಿ" ಎಂದ. ಆಮೇಲೆ ತಲೆಯೆತ್ತಿ, "ಮತ್ತ ನೀವು? ನೀವೂ ತಿಂದೀರಲ್ಲ. ನೀವೂ ಕೊರಳಾಗ ಲಿಂಗ ಕಟ್ಟಿದವ್ರು" ಎಂದ.

ಮೊಟ್ಟೆಯನ್ನೂ ಮುಟ್ಟದ ಬಾಯಿ ಅವಳದು. ಮಧ್ಯಾಹ್ನದಿಂದ ಅವನಿಗೆ ಏನು ತಿನ್ನಿಸಿಬಿಟ್ಟೆ ಎಂದು ಕೊರಗಿದ್ದೇ ಆಯಿತು, ತಾನೂ ತಿಂದದ್ದು ನೆನಪಿಗೇ ಬಂದಿರಲಿಲ್ಲ. ಗಂಡನೂ ಕೇಳಿರಲಿಲ್ಲ. "ಹೌದಲ್ರೀ, ನಾನೂ ತಿಂದೆ" ಎನ್ನುವಷ್ಟರಲ್ಲಿ ಅವಳಿಗೆ ಅಳು ಬಂದುಬಿಟ್ಟಿತು.

ಸೋಮವಾರ ಇಬ್ಬರೂ ಉಪವಾಸ ಇದ್ದರು. ಓಂಕಾರಪ್ಪ ಕ್ಯಾಂಟೀನಿನಲ್ಲಿ ಗಡದ್ದಾಗಿ ಉಂಡು ಬಂದ.

ಮತ್ತೆ ಭಾನುವಾರ ಬಂತು. ಮೇಲೆ ಕಳಿಸುವ ಧೈರ್ಯ ಜಲಜಾಗಿರಲಿಲ್ಲ. ಆದರೂ ಸಂಜೆ ಎಳೆ ಕುದಿಸಿ, ಹಸಿ ಅನಾನಸ್ ರಸ ಬೆಚ್ಚಗೆ ಮಾಡಿ ಬೆರೆಸಿ ಕಟ್ಟೆಯ ಮೇಲಿಟ್ಟಳು. ಅಷ್ಟರಲ್ಲಿ ಭರತೇಶ ಖಾಲಿ ಬಟ್ಟಲು ಹಿಡಿದು ತಾನೇ ಕೆಳಗಿಳಿದು ಬಂದ. "ಇವತ್ತ ಮ್ಯಾಲೆ ಬರಲೇ ಇಲ್ಲಲ್ರಿ, ವೈನಿ."

ಅವಳು ಎಳೆಯ ಕಟ್ಟನ್ನು ತೋರಿಸಲು ಹೋದಳು. ಅವನು ಅದರ ಕಡೆ ನೋಡಲೇ ಇಲ್ಲ. "ಹೊತ್ತು ಮುಳುಗೂಕಿಂತ ಮೊದ್ಲ ಆಗ್ತೈತಿಲ್ರಿ?" ಎಂದು ಸ್ಟೂಲು ಎಳೆದುಕೊಂಡು ಕೂತ.

ಬಾಲ್ಕನಿಯ ಬಿಸಿಲು ಗೋಡೆ ಬಿಡುವ ಮೊದಲೇ ಅನಾನಸ್ ಗಟ್ಟಿಯಾಯಿತು. ಜಲಜಾ ಅವನಿಗೆ ಬಡಿಸಿ, ತನಗೂ ಒಂದು ಚಮಚ ಹಾಕಿಕೊಂಡಳು.