ಹಾರ್ಡ್ ಡಿಸ್ಕಿನ ಪೆಟ್ಟಿಗೆಗೆ ಹಾಕಿದ ಕೆಂಪು ಬಲ್ಬು

ಟ್ರಾನ್ಸ್‌ಫಾರ್ಮರ್ ಕಾದು ಹೊಗೆಯಾಡಬಹುದು. ರೆಗ್ಯುಲೇಟರ್ ಕೈಕೊಟ್ಟು ಐದು ವೋಲ್ಟಿನ ತಂತಿಗೆ ಹನ್ನೆರಡು ನುಗ್ಗಬಹುದು. ಡಿಸ್ಕ್ ಅಲ್ಲಿಗೆ ಮುಗಿಯಿತು. ಉಪ್ಪುಗಾಳಿಗೆ ಬೆಸುಗೆ ಹಸಿರುಗಟ್ಟಬಹುದು. ಗಾಳಿಗೆಂದು ಕೊರೆದ ತೂತಿನಲ್ಲಿ ಹಲ್ಲಿ ಸಂಸಾರ ಹೂಡಬಹುದು. ತಂತಿಗಳನ್ನು ನಾನೇ ಅದಲುಬದಲು ಮಾಡಿರಬಹುದು. ಇವಿಷ್ಟಕ್ಕೂ ಒಂದೊಂದಾಗಿ ಹೆದರಿ ಮುಗಿಸಿದ್ದೆ.

ಎಂಬತ್ತರ ದಶಕದ ಕೊನೆ. ವಾಮಂಜೂರಿನ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರದ ಮೇಷ್ಟ್ರು. ಲೈಬ್ರರಿಯ ಕಂಪ್ಯೂಟರಿಗೆ ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕೊಂದಿತ್ತು. ನಾವೆಲ್ಲ ಟೀಚರ್ ಎಂದೇ ಕರೆಯುತ್ತಿದ್ದ ಲೈಬ್ರೇರಿಯನ್ ಡ್ರಾಯರುಗಳಲ್ಲಿದ್ದ ಕಾರ್ಡುಗಳನ್ನು ನೋಡಿ ಎರಡು ವರ್ಷ ಕೂತು ಟೈಪ್ ಮಾಡಿದ ಪುಸ್ತಕಗಳ ಪಟ್ಟಿ ಅದರಲ್ಲಿತ್ತು. ನಕಲು ಇಟ್ಟ ಫ್ಲಾಪಿಗಳಿಗೆ ಮಳೆಗಾಲದ ಬೂಸ್ಟು ಹಿಡಿದಿತ್ತು. ಕರೆಂಟಿನ ಏರಿಳಿತಕ್ಕೆ ಡಿಸ್ಕಿನ ಪವರ್ ಸಪ್ಲೈ ಸುಟ್ಟುಹೋದಾಗ, ಮಾರಿದವ ಫೋನಿನಲ್ಲಿ ತಣ್ಣಗೆ ಹೇಳಿದ: "ಹೊಸತು ಬರ್ಲಿಕ್ಕೆ ಮೂರು ತಿಂಗಳು ಉಂಟು ಸಾರ್."

ಟೀಚರ ನಿವೃತ್ತಿಗೆ ಉಳಿದಿದ್ದದ್ದು ಮೂರು ವಾರ, ಟೈಪಾಗದೆ ಉಳಿದದ್ದು ಒಂದು ಡ್ರಾಯರ್. ಸಿಟ್ಟು ನೆತ್ತಿಗೇರಿ, ನಾನೇ ಮಾಡುತ್ತೇನೆಂದು ಹೊರಟೆ. ಬಂದರಿನಲ್ಲಿ ಬೋಟಿನ ಡೈನಮೋ ಸುತ್ತುವವನಿಂದ ಬೇಕಾದ್ದಕ್ಕಿಂತ ಎರಡು ಪಟ್ಟು ದೊಡ್ಡ ಟ್ರಾನ್ಸ್‌ಫಾರ್ಮರ್ ಸುತ್ತಿಸಿದೆ.

"ಎಂತ ಮಾರಾಯ್ರೆ, ಇದರಲ್ಲಿ ಲಾಂಚ್ ಓಡಿಸ್ಲಿಕ್ಕುಂಟಾ?" ಎಂದು ನಕ್ಕ. ಅವನ ಮೇಲೂ ಸಿಟ್ಟು ಬಂತು.

ಎಲ್ಲವನ್ನೂ ಒಂದು ಪೆಟ್ಟಿಗೆಯಲ್ಲಿ ಕೂರಿಸಿ ಡಿಸ್ಕಿಗೆ ಜೋಡಿಸಿದೆ. ಡಿಸ್ಕ್ ತಿರುಗಿತು, ಪಟ್ಟಿ ಹಾಗೇ ಇತ್ತು. ಟೀಚರ್ ಖುಷಿಪಡುವ ಬದಲು ಕೇಳಿದರು: "ದೀಪ ಎಂತಕ್ಕೆ ಇಲ್ಲ? ಆನ್ ಉಂಟಾ ಇಲ್ವಾ, ಹೇಗೆ ಗೊತ್ತಾಗುದು?"

ಗೊಣಗುತ್ತಲೇ ಹಳೇ ರೇಡಿಯೋದಿಂದ ಕಿತ್ತ ಕೆಂಪು ಬಲ್ಬೊಂದನ್ನು ಸಿಕ್ಕಿಸಿದೆ. ಬರೀ ಶೋಕಿಗಲ್ಲವೇ ಎಂದು ಅದೊಂದನ್ನು ಮಾತ್ರ ಪರೀಕ್ಷಿಸಲಿಲ್ಲ.

ವಾರ ಕಳೆದಿತ್ತು. ನಂತೂರಿನಲ್ಲಿ ಲಾರಿಗಳ ಹಿಂದೆ ನನ್ನ ಬಸ್ಸು ಒಂದು ಗಂಟೆ ನಿಂತಿತು. ಪೆಟ್ಟಿಗೆ ಹೊತ್ತಿ ಉರಿಯುವುದನ್ನೇ ಕಲ್ಪಿಸಿಕೊಳ್ಳುತ್ತ, ಲಾರಿಯವರ ಏಳು ತಲೆಮಾರನ್ನು ಮನಸ್ಸಿನಲ್ಲೇ ಬೈಯುತ್ತ ಬಂದು ಲೈಬ್ರರಿಗೆ ನುಗ್ಗಿದೆ. ಟೀಚರ್ ಕೊನೆಯ ಡ್ರಾಯರಿನ ಕಾರ್ಡುಗಳನ್ನು ಸೇರಿಸಿ ಸೇವ್ ಒತ್ತಿದ್ದರಷ್ಟೆ. ಕೆಂಪು ಬಲ್ಬು ಆರಿತ್ತು.

"ಟೀಚರ್, ಕೈ ತೆಗೀರಿ!" ಎಂದು ಕಿರುಚಿ ಪ್ಲಗ್ಗನ್ನು ಕಿತ್ತೆ.

ಡಿಸ್ಕಿನ ಸದ್ದು ಮೆಲ್ಲಗೆ ಇಳಿಯತೊಡಗಿದಾಗಲೇ, ಅಷ್ಟು ಹೊತ್ತು ಅದು ಚೆನ್ನಾಗಿಯೇ ತಿರುಗುತ್ತಿತ್ತೆಂದು ಹೊಳೆದದ್ದು. ಮತ್ತೆ ಹಾಕಿದರೆ ಪಟ್ಟಿ ಇಲ್ಲ.

"ಸಾಯ್ಬಾ, ದೇವರೇ! ಡಿಸ್ಕ್ ಬರೆಯುವಾಗ ಪ್ಲಗ್ ತೆಗೀಬಾರ್ದು ಅಂತ ಗೋಡೆಗೆ ಅಂಟಿಸಿದ್ದು ನೀವೇ ಅಲ್ವಾ?"

ನಾನೇ. ಕೆಂಪು ಶಾಯಿಯಲ್ಲಿ, ಎರಡು ಗೆರೆ ಎಳೆದು. ಟೀಚರ್ ಮೊದಲ ಡ್ರಾಯರನ್ನು ಎಳೆದು ಮೇಜಿನ ಮೇಲೆ ಕುಕ್ಕಿದರು. ನಿವೃತ್ತಿಯ ದಿನದವರೆಗೂ ಮೊದಲ ಕಾರ್ಡಿನಿಂದ ಮತ್ತೆ ಟೈಪ್ ಮಾಡುತ್ತಲೇ ಇದ್ದರು.

ಮೀಟರ್ ಹಿಡಿದು ಪೆಟ್ಟಿಗೆಯನ್ನೆಲ್ಲ ತಡಕಿದೆ, ತಪ್ಪು ಅದರದ್ದಾಗಲಿ ಎಂಬ ಆಸೆಯಿಂದ. ಐದು ಐದೇ ಇತ್ತು, ಹನ್ನೆರಡು ಹನ್ನೆರಡೇ. ಟ್ರಾನ್ಸ್‌ಫಾರ್ಮರ್ ಬೆಚ್ಚಗೂ ಆಗಿರಲಿಲ್ಲ. ಒಂದು ಹಲ್ಲಿಯೂ ಇರಲಿಲ್ಲ. ಹೋಗಿದ್ದದ್ದು ಆ ಬಲ್ಬು ಮಾತ್ರ.