ನಂದಗುಡಿಯಲ್ಲೇ ಉಳಿದುಬಿಟ್ಟ ನಮ್ಮ ಸರ್ಜನ್

ಇಲ್ಲ... ನಂಬಲು ಆಗುತ್ತಿಲ್ಲ.
ಮೊನ್ನೆ ತಾನೇ ಫೋನಿನಲ್ಲಿ ಬೈದಿದ್ದ, ನಾನು ಮಂಡಿನೋವಿಗೆ ಮಾತ್ರೆ ನುಂಗುತ್ತಿಲ್ಲ ಎಂದು.
ಬೆಳಿಗ್ಗೆ ಅವನ ಮಗಳ ಫೋನ್... "ಆಂಟಿ, ಅಪ್ಪ ಏಳ್ತಾನೇ ಇಲ್ಲ..."

ಡಾಕ್ಟರ್ ಕೇಶವ ಹೋಗಿಬಿಟ್ಟ.
ನನ್ನ ಕ್ಲಾಸ್‌ಮೇಟ್. ನಂದಗುಡಿ ಕಡೆಯ ಸಣ್ಣ ಆಸ್ಪತ್ರೆಯಲ್ಲಿ ನಾನು ಹೆರಿಗೆ ನೋಡುತ್ತಿದ್ದೆ, ಅವನು ಸರ್ಜನ್.

ಹುಟ್ಟಿದ್ದು ಬೆಂಗಳೂರಿನಲ್ಲಿ. ರಾಗಿ ಹೊಲವನ್ನು ಬಸ್ಸಿನ ಕಿಟಕಿಯಿಂದಷ್ಟೇ ನೋಡಿದ್ದವನು.
ಅರವತ್ತರ ದಶಕದ ಕೊನೆಯಲ್ಲಿ, ನಂದಗುಡಿಯಲ್ಲಿದ್ದ ಹಿರಿಯ ಸರ್ಜನ್ ಕೈಕೆಳಗೆ ಟ್ರೈನಿಂಗ್‌ಗೆ ಹಾಕಿದರು. ಗೊಣಗುತ್ತಲೇ ಬಂದ...
ವಾಪಸ್ ಹೋಗಲೇ ಇಲ್ಲ.
ನಂದಗುಡಿಯಲ್ಲೇ ಹುಟ್ಟಿದವನೊಬ್ಬ ನಮ್ಮ ಬ್ಯಾಚಿನಲ್ಲಿದ್ದ. ಟ್ರೈನಿಂಗ್ ಪೂರ್ತಿ ಸಿಟಿಯ ದೊಡ್ಡ ಆಸ್ಪತ್ರೆಯಲ್ಲಿ. ಅವನು ಸಿಟಿಯಲ್ಲೇ ಉಳಿದ.
ಹುಟ್ಟಿದ ಊರಲ್ಲ ಕಣ್ರೀ... ಕೈ ಪಳಗಿದ ಊರು ಹಿಡಿದುಕೊಳ್ಳುತ್ತದೆ.

ನೆನಪಿದೆಯೇನೋ ಕೇಶವ, ಎತ್ತಿನಗಾಡಿಯಲ್ಲಿ ಬಂದ ಆ ರೈತ?
ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡು ಹೊಟ್ಟೆ ಊದಿತ್ತು... ಅರಿವಳಿಕೆ ಕೊಡುವ ಡಾಕ್ಟರಿಲ್ಲ, ಕರೆಂಟೂ ಇಲ್ಲ.
"ಇಲ್ಲೇ ಏನಾದ್ರೂ ಮಾಡಿ ಸ್ವಾಮಿ, ದಾರೀಲೇ ಹೋಗ್ಬಿಡ್ತಾರೆ" ಎಂದು ಅವನ ಹೆಂಡತಿ ನಿನ್ನ ಕಾಲು ಹಿಡಿದಳು.
"ಏಳಮ್ಮಾ, ಮಾಡ್ತೀನಿ. ನಾನು ಕಲ್ತಿದ್ದೇ ಹಿಂಗೆ" ಅಂದೆ ನೀನು.
ಬೆನ್ನಿಗೆ ಅರಿವಳಿಕೆಯ ಸೂಜಿ ನೀನೇ ಚುಚ್ಚಿದೆ. ನೀನೇ ಕೊಯ್ದೆ. ಬೆಳಕು ಹಿಡಿದು ನಿಂತಿದ್ದ ನನಗೆ ಬೈಗುಳ ಬೇರೆ... "ಟಾರ್ಚ್ ಅಲ್ಲಾಡಿಸ್ಬೇಡ ಕಣೇ!"
ಆ ರೈತ ಬದುಕಿದ.

ಎಪ್ಪತ್ತರ ದಶಕದುದ್ದಕ್ಕೂ ನೀನು ಮೇಲಧಿಕಾರಿಗಳ ಬಾಗಿಲು ತಟ್ಟಿದೆ... "ಕಲಿಯೋ ಹುಡುಗ್ರನ್ನ ಆರು ತಿಂಗ್ಳು ನನ್ಹತ್ರ ಕಳ್ಸಿ ಸಾರ್, ಆಮೇಲೆ ಅವ್ರೇ ಉಳ್ಕೋತಾರೆ."
"ಹಳ್ಳಿ ಆಸ್ಪತ್ರೇಲಿ ಏನ್ರೀ ಕಲೀತಾರೆ?" ಎಂದು ನಕ್ಕರು.
ಒಬ್ಬನನ್ನೂ ಕಳಿಸಲಿಲ್ಲ.

ನೀನು ರಿಟೈರ್ ಆದೆ. ಹೊಸಬರು ಬಂದರು. "ಅನಸ್ತೀಷಿಯಾ ಯಾರು ಕೊಡ್ತಾರೆ? ಬ್ಲಡ್ ಎಲ್ಲಿ?" ಎಂದು ಕೇಳಿ, ವರ್ಗ ಮಾಡಿಸಿಕೊಂಡು ಹೋದರು.
ನಾನು ಬೈದರೆ ನೀನು ಅವರ ಪರ! "ಪಾಪ, ಕಲ್ತಿರೋದು ಅಲ್ಲಿ. ಇಲ್ಲಿ ಅವ್ರ ಕೈ ಹೆದರುತ್ತೆ ಕಣೇ."
ಆಪರೇಷನ್ ಥಿಯೇಟರಿಗೆ ಬೀಗ ಬಿತ್ತು. ಆದರೂ ಹೊಟ್ಟೆನೋವು ಎಂದರೆ ಜನ ನಿನ್ನ ಮನೆಗೇ ಬರುತ್ತಿದ್ದರು.

ಇವತ್ತೂ ಬಂದರು ಕಣೋ...
ನಿನ್ನನ್ನು ಅಂಗಳದಲ್ಲಿ ಮಲಗಿಸಿದ್ದೇವೆ. ಆಟೋದಲ್ಲಿ ಒಬ್ಬ ತಾಯಿ, ಹೊಟ್ಟೆ ಹಿಡಿದುಕೊಂಡ ಮಗಳು.
ನಾನೇ ಹೋಗಿ ಮುಟ್ಟಿ ನೋಡಿದೆ. ಅಪೆಂಡಿಕ್ಸ್.
"ತಡ ಮಾಡ್ಬೇಡಮ್ಮಾ, ಬೆಂಗ್ಳೂರ್ಗೆ ಕರ್ಕೊಂಡ್ ಹೋಗು."
"ಇಲ್ಲಿ ಆಪ್ರೇಷನ್ ಮಾಡೋರು ಯಾರೂ ಇಲ್ವಾ ಮೇಡಂ?"

"ಇಲ್ಲಮ್ಮಾ" ಅಂದೆ. ನಿನ್ನ ಪಕ್ಕದಲ್ಲೇ ನಿಂತು.

ಹೋಗಿ ಬಾ ಕೇಶವ... ನಮಗಂತೂ ನೆಮ್ಮದಿ ಇಲ್ಲ, ನಿನ್ನ ಜೀವಕ್ಕಾದರೂ ಸಿಗಲಿ.